ಕಿಟಕಿಗೆ ನೋಟಿಸ್, ಸೋರುವ ಸೂರಿಗೆ ಇಲ್ಲ

ಪಾರಂಪರಿಕ ವಲಯದಲ್ಲಿ ಕಟ್ಟಡಗಳ ತಪಾಸಣೆಗೆ ಹೊರಟರೆ ಜನ ನಮ್ಮ ಮುಖಕ್ಕಿಂತ ಮೊದಲು ಕೈಯಲ್ಲಿರುವ ಕಡತವನ್ನು ನೋಡುತ್ತಾರೆ. ಆ ದಿನದ ಕಡತದಲ್ಲಿದ್ದದ್ದು ಸರಳವಾದ ದೂರು: ಬೀದಿಗೆ ಕಾಣುವ ಮರದ ಕಿಟಕಿಗಳನ್ನು ಅನುಮತಿ ಪಡೆಯದೆ ಕಿತ್ತು, ಪ್ಲಾಸ್ಟಿಕ್ ಚೌಕಟ್ಟಿನವನ್ನು ಕೂರಿಸಿದ್ದಾರೆ. ಜೊತೆಗೆ ಫೋಟೋ. ಉಲ್ಲಂಘನೆಯ ಬಗ್ಗೆ ಅನುಮಾನವೇ ಇರಲಿಲ್ಲ.

ಬಾಗಿಲು ತೆರೆದವರು ವಯಸ್ಸಾದ ಹೆಂಗಸು. ಕಡತ ನೋಡಿದ್ದೇ, "ಮಳೆ ಬಂದರೆ ನೀರು ಹಾಸಿಗೆಯ ತನಕ ಬರುತ್ತಿತ್ತು. ಮನೆ ಉಳಿಸಿಕೊಂಡದ್ದಕ್ಕೂ ದಂಡವೇ ಸರ್?" ಎಂದರು.

"ದಂಡದ ಮಾತು ಆಮೇಲೆ ಅಮ್ಮಾ, ಹಳೆಯ ಕಿಟಕಿಗಳು ಎಲ್ಲಿವೆ?" ಎಂದೆ. ಪುಣ್ಯಕ್ಕೆ ಅವರು ಎಸೆದಿರಲಿಲ್ಲ. ಹಿತ್ತಲಿನಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ಒಂದನ್ನು ಮಲಗಿಸಿ, ಚೂರಿಯ ಮೊನೆಯಿಂದ ಉದ್ದಕ್ಕೂ ಚುಚ್ಚುತ್ತಾ ಹೋದೆ. ನೀರು ನಿಲ್ಲುವ ಕೆಳಪಟ್ಟಿಯಲ್ಲಿ ಮಾತ್ರ ಮೊನೆ ಸಲೀಸಾಗಿ ಇಳಿಯಿತು. ಉಳಿದ ಕಡೆ ಮರ ಗಟ್ಟಿಯಾಗಿತ್ತು. ನಿಧಾನವಾಗಿ ಬೆಳೆದ ಹಳೆಯ ಮರದ ಎಳೆಗಳು ಒತ್ತೊತ್ತಾಗಿರುತ್ತವೆ, ಅಂಥದ್ದು ಈಗ ಹಣ ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಕೊಳೆತಷ್ಟನ್ನು ಕೊಯ್ದು, ಅಷ್ಟೇ ಹೊಸ ಮರವನ್ನು ಬೆಸೆದು ಬಣ್ಣ ಬಳಿದರೆ ಕಿಟಕಿ ಮತ್ತೆ ಮಳೆಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಚೌಕಟ್ಟು ಕೆಟ್ಟರೆ ಬಹುಪಾಲು ಇಡಿಯಾಗಿ ಎಸೆಯಬೇಕು. ಇದನ್ನು ಅವರಿಗೆ ಮೊದಲು ಯಾರೂ ಹೇಳಿರಲಿಲ್ಲ. ನಮ್ಮ ಕಚೇರಿಯವರೂ ಹೇಳಿರಲಿಲ್ಲ, ಕೆಲಸ ಮಾಡಿದವರಂತೂ ಹೇಳುವ ಪೈಕಿಯೇ ಅಲ್ಲ.

ಹೊರಗೆ ಬಂದು ಗೋಡೆಯ ಬುಡ ನೋಡಿದಾಗ ನಿಜವಾದ ಹಾನಿ ಕಾಣಿಸಿತು. ಎಂದೋ ಯಾರೋ ಇಟ್ಟಿಗೆಯ ಸಂದುಗಳಲ್ಲಿದ್ದ ಸುಣ್ಣದ ಗಾರೆಯನ್ನು ಕೆರೆದು ಸಿಮೆಂಟ್ ತುಂಬಿದ್ದರು. ಈಗ ಸಿಮೆಂಟ್ ಮಾತ್ರ ನಿಂತು, ಇಟ್ಟಿಗೆಗಳು ಒಳಕ್ಕೆ ಸವೆದು, ಗೋಡೆ ಜೇನುಗೂಡಿನ ಹಾಗಾಗಿತ್ತು. ಬೆರಳಿನಿಂದ ಒರೆಸಿದರೆ ಕೆಂಪು ಹುಡಿ, ಅದರ ಮೇಲೆ ಬಿಳಿ ಉಪ್ಪು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರುತ್ತದೆ, ಗೋಡೆಯೊಳಗಿನ ತೇವವನ್ನು ತನ್ನ ಮೂಲಕ ಹೊರಗೆ ಬಿಡುತ್ತದೆ, ಸವೆಯುವುದಿದ್ದರೆ ತಾನೇ ಸವೆಯುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ, ಬರುವಾಗ ತಂದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಡೆಯುತ್ತದೆ. ಈ ಬಗ್ಗೆ ಒಂದೇ ಒಂದು ದೂರಿಲ್ಲ! ಕಿಟಕಿಯ ಬದಲಾವಣೆ ಬೀದಿಯಿಂದಲೇ ಕಣ್ಣಿಗೆ ಹೊಡೆಯುತ್ತದೆ, ಇದನ್ನು ನೋಡಲು ಕುಕ್ಕರಗಾಲಿನಲ್ಲಿ ಕೂರಬೇಕು.

ಎದ್ದು ನಿಂತಾಗ ಪಕ್ಕದ ಮನೆ ಕಂಡಿತು. ಬೀಗ ಹಾಕಿ ಎಷ್ಟೋ ಕಾಲವಾಗಿದೆ. ಸೂರಿನ ನೀರು ಹರಿಯುವ ದೋಣಿ ಮುರಿದು ನೀರೆಲ್ಲ ಗೋಡೆಯ ಮೇಲೇ ಇಳಿಯುತ್ತಿದೆ, ಹಸಿರು ಪಾಚಿ ಮೇಲಿನಿಂದ ನೆಲದವರೆಗೆ ಪಟ್ಟೆ ಎಳೆದಿದೆ, ಬಿರುಕಿನಲ್ಲಿ ಗಿಡ ಬೇರೂರಿದೆ. ನಮ್ಮ ದಾಖಲೆಯಲ್ಲಿ ಮಾತ್ರ ಈ ಮನೆಯ ಹಾಳೆ ಸ್ವಚ್ಛ. ಅನುಮತಿಯಿಲ್ಲದೆ ಏನನ್ನೂ ಬದಲಿಸಿಲ್ಲವಲ್ಲ! ಇನ್ನಷ್ಟು ಮಳೆಗಾಲ ಕಳೆದರೆ ಅಪಾಯಕಾರಿ ಕಟ್ಟಡವೆಂಬ ವರದಿ ಬರುತ್ತದೆ, ಅದರ ಬೆನ್ನಿಗೇ ಕೆಡವಲು ಅರ್ಜಿ. ಖಾಲಿ ನಿವೇಶನದ ಬೆಲೆ ಗೊತ್ತಿರುವವರಿಗೆ ಕಾಯುವ ತಾಳ್ಮೆಯೂ ಇರುತ್ತದೆ.

ನಿಯಮವೇ ಬೇಡವೆನ್ನುವ ಪೈಕಿ ನಾನಲ್ಲ. ಅಮೆರಿಕದ ಚಾರ್ಲ್‌ಸ್ಟನ್ ನಗರ 1931ರಲ್ಲೇ ಇಡೀ ಪ್ರದೇಶವೊಂದನ್ನು ಪಾರಂಪರಿಕ ವಲಯವೆಂದು ಗುರುತಿಸಿ ರಕ್ಷಣೆ ಕೊಟ್ಟಿತು. ನ್ಯೂಯಾರ್ಕಿನಲ್ಲಿ 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ತೊಡಗಿದ ಮೇಲೆ ಎದ್ದ ಆಕ್ರೋಶ 1965ರ ಸಂರಕ್ಷಣಾ ಕಾನೂನಿಗೆ ಬಲ ಕೊಟ್ಟಿತು. ಸುತ್ತಿಗೆ ಹಿಡಿದ ಕೈಯನ್ನು ತಡೆಯುವುದು ಇಂಥ ಕಾನೂನುಗಳಿಗೆ ಚೆನ್ನಾಗಿ ಗೊತ್ತು. ಕೈಕಟ್ಟಿ ಕುಳಿತವನ ಮುಂದೆ ಅನೇಕ ಕಡೆ ಅವು ತಡವರಿಸುತ್ತವೆ. ಇಂಗ್ಲೆಂಡಿನ 1990ರ ಕಾಯ್ದೆ ಇದಕ್ಕೂ ದಾರಿ ಇಟ್ಟಿದೆ: ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಖಾಲಿ ಕಟ್ಟಡಕ್ಕೆ ತುರ್ತು ದುರಸ್ತಿಯನ್ನು ಸ್ಥಳೀಯ ಆಡಳಿತವೇ ಮಾಡಿಸಿ ವೆಚ್ಚವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ನಮ್ಮ ನಿಯಮಾವಳಿಯಲ್ಲಿ ಇರುವುದು ಕಟ್ಟಡವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಎಂಬ ಒಂದು ಸಾಲು. ಅದನ್ನು ಯಾರೂ ಬಳಸಿದ್ದನ್ನು ನಾನು ನೋಡಿಲ್ಲ.

ಕಚೇರಿಗೆ ಹಿಂತಿರುಗಿ ವರದಿ ಬರೆದೆ. ಹಳೆಯ ಕಿಟಕಿಗಳನ್ನು ದುರಸ್ತಿ ಮಾಡಿಸಿ ಮರಳಿ ಕೂರಿಸಲು ಕಾಲಾವಕಾಶ ಕೊಡಬೇಕು, ಅಲ್ಲಿಯವರೆಗೆ ದಂಡ ಬೇಡ, ಗೋಡೆಗೆ ಸುಣ್ಣದ ಗಾರೆಯ ಕೆಲಸ ಬಲ್ಲವರನ್ನು ಕಚೇರಿಯೇ ಸೂಚಿಸಬೇಕು ಎಂದು ಶಿಫಾರಸು ಮಾಡಿದೆ. ಜೊತೆಗೆ ಬೀಗ ಹಾಕಿದ ಮನೆಯ ಬಗ್ಗೆ ಪ್ರತ್ಯೇಕ ಹಾಳೆ ಸೇರಿಸಿ, ಆ ಒಂದು ಸಾಲನ್ನು ಉಲ್ಲೇಖಿಸಿದೆ.

ಮೇಲಧಿಕಾರಿ ಓದಿ, "ಇದರ ಬಗ್ಗೆ ದೂರೇ ಬಂದಿಲ್ಲವಲ್ಲ?" ಎಂದರು.

"ಈಗ ಬಂದಿದೆ ಸರ್" ಎಂದೆ.

ಅವರು ಸಹಿ ಹಾಕಿದರು. ಆದರೆ ಬೀಗ ಹಾಕಿದ ಆ ಮನೆ ಹಲವು ವಾರಸುದಾರರ ಹೆಸರಿನಲ್ಲಿದೆ, ಒಬ್ಬೊಬ್ಬರಿಗೂ ಬೇರೆ ಬೇರೆ ನೋಟಿಸ್ ಹೋಗಬೇಕು. ಸದ್ಯಕ್ಕೆ ಇಬ್ಬರ ವಿಳಾಸ ಸಿಕ್ಕಿದೆ.