ಡೊಳ್ಳಿನ ಮೂರನೇ ಶನಿವಾರ

19 ಅಕ್ಟೋಬರ್ 2024, ಶನಿವಾರ
ಶಿವಮೊಗ್ಗ

ಎಡ ಅಂಗೈ ಕೆಂಪಗೆ ಊದಿಕೊಂಡಿದೆ. ಬಲಗೈಯಲ್ಲಿ ಕೋಲಿತ್ತು, ಹಾಗಾಗಿ ಬರೆಯುವುದಕ್ಕೆ ತೊಂದರೆಯಿಲ್ಲ. ರಾಜ್ಯೋತ್ಸವಕ್ಕೆ ಇನ್ನು ಹದಿಮೂರೇ ದಿನ. ನಮ್ಮ ಆಫೀಸಿನ ಹನ್ನೆರಡು ಜನರ ಡೊಳ್ಳು ತಂಡಕ್ಕೆ ಇವತ್ತು ಮೂರನೇ ಶನಿವಾರದ ಅಭ್ಯಾಸ.

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಥಂಡಿಗೆ ತೊಗಲು ಸಡಿಲಾಗಿ ಡೊಳ್ಳಿನ ದನಿಯೇ ಕುಗ್ಗಿತ್ತು. ಮೇಷ್ಟ್ರು ಅವನ್ನು ಬೆಂಕಿಯ ಹತ್ತಿರ ಹದವಾಗಿ ಕಾಯಿಸಿ, ಹಗ್ಗ ಎಳೆದು ಬಿಗಿ ಮಾಡಿದರು. ಅಷ್ಟು ಹೊತ್ತೂ ನಾವು ಎಂದಿನಂತೆ ಎರಡು ಗುಂಪಾಗಿ ಕೂತಿದ್ದೆವು. ಲೆಕ್ಕಪತ್ರದವರು ಈ ಕಟ್ಟೆ, ಫೀಲ್ಡಿನವರು ಆ ಕಟ್ಟೆ. ಮಾರ್ಚಿನಲ್ಲಿ ಬಿಲ್ಲುಗಳ ವಿಚಾರಕ್ಕೆ ಆದ ಜಗಳ, ಏಳು ತಿಂಗಳಾದರೂ ಆರಿಲ್ಲ. ಸಹಿ ಬೇಕಿದ್ದರೂ ಅಟೆಂಡರ್ ಕೈಯಲ್ಲಿ ಹೇಳಿಕಳಿಸುವುದು. ನಾನೂ ಹಾಗೇ ಮಾಡಿದ್ದೇನೆ. ಮೇ ತಿಂಗಳಲ್ಲಿ ರೆಸಾರ್ಟಿಗೆ ಕರೆದೊಯ್ದು ಹಗ್ಗಜಗ್ಗಾಟ ಆಡಿಸಿದರು. ಸೋತವರು, ಗೆದ್ದವರು ಎಂದು ಬಿರುಕು ಇನ್ನಷ್ಟು ದೊಡ್ಡದಾಯಿತು.

ಮೇಷ್ಟ್ರು ಹಾಲುಮತದವರು, ಬೀರೇಶ್ವರನ ಒಕ್ಕಲು. ಡೊಳ್ಳು ಅವರಿಗೆ ದೇವರ ವಾದ್ಯ. ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹೆಗಲಿಗೇರಿಸಲು ಬಿಡುವುದಿಲ್ಲ. ಈಗ ನಮಗೂ ಅದು ಅಭ್ಯಾಸವಾಗಿದೆ.

ಅರ್ಧಚಂದ್ರಾಕಾರದಲ್ಲಿ ನಿಂತಾಗ ನನ್ನ ಎದುರಿಗೆ ಬಂದವರು ಫೀಲ್ಡಿನ ಅದೇ ಸಾರ್, ಮಾರ್ಚಿನ ಜಗಳದವರು. ನಾನು ತಲೆ ತಗ್ಗಿಸಿ ಬಾರಿಸುತ್ತಿದ್ದೆ.

"ಅಕ್ಕಾ, ನಿಮ್ ಡೊಳ್ಳು ನೋಡ್ಕೋಬೇಡಿ. ಎದುರಿನವರ ಭುಜ ನೋಡಿ. ಭುಜ ಎದ್ದಾಗ್ಲೇ ಪೆಟ್ಟು ಯಾವಾಗ ಬೀಳತ್ತೆ ಅಂತ ಗೊತ್ತಾಗತ್ತೆ" ಅಂದರು ಮೇಷ್ಟ್ರು.

ನೋಡಿದೆ. ಬೇರೆ ದಾರಿಯಿರಲಿಲ್ಲ. ಎರಡು ವಾರ ಮನೆಯಲ್ಲಿ ಮೊಬೈಲಿನ ರೆಕಾರ್ಡಿಂಗ್ ಹಾಕಿಕೊಂಡು ತಲೆದಿಂಬಿನ ಮೇಲೆ ಬಡಿದರೂ ಹಿಡಿತಕ್ಕೆ ಸಿಗದ ನಡೆ ಹತ್ತೇ ನಿಮಿಷದಲ್ಲಿ ಕೈಗೆ ಬಂತು. ಹಿಂದೆ ಓದಿದ್ದು ನೆನಪಾಯಿತು. ಜರ್ಮನಿಯ ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇಬ್ಬರು ಸಂಶೋಧಕರು 2009ರಲ್ಲಿ ಪುಟ್ಟ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದ್ದರು. ಬಾರಿಸುವ ಯಂತ್ರಕ್ಕಿಂತ, ಬರೀ ಕೇಳಿಸುವ ಸದ್ದಿಗಿಂತ, ಜೊತೆಗೆ ಕೂತು ಬಾರಿಸುವ ಮನುಷ್ಯನ ಲಯಕ್ಕೆ ಮಕ್ಕಳು ಚೆನ್ನಾಗಿ ಹೊಂದಿಕೊಂಡರಂತೆ. ಎರಡೂವರೆ ವರ್ಷದ ಮಕ್ಕಳೂ ಅದರಲ್ಲಿದ್ದರು. ನನಗೆ ನಲವತ್ತಾರು. ನನ್ನ ಕೈಗೂ ಮನುಷ್ಯರೇ ಬೇಕಾಯಿತು.

ನಡೆ ಚುರುಕಾದಾಗ ನನ್ನ ಹೆಜ್ಜೆ ತಪ್ಪಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ಬಾರಿಸಿದೆ, ಪೂರ್ತಿ ಕೆಟ್ಟಿತು. "ತಪ್ಪಿದವರು ಕೈ ಬಿಡಿ, ಒಂದು ಸುತ್ತು ಕೇಳಿ, ಆಮೇಲೆ ಸೇರ್ಕೊಳ್ಳಿ. ಉಳಿದವರು ನಿಲ್ಲಿಸಬೇಡಿ!" ಕೈಬಿಟ್ಟು ನಿಂತೆ. ಹನ್ನೊಂದು ಡೊಳ್ಳಿನ ಸದ್ದು ಎದೆಗೂಡಿನೊಳಗೆ ಗುಮ್ಮೆನ್ನುತ್ತಿತ್ತು. ಯಾರೂ ನನ್ನತ್ತ ಮುಖ ಗಂಟಿಕ್ಕಲಿಲ್ಲ, ನನಗಾಗಿ ಕಾಯಲೂ ಇಲ್ಲ. ನಾನು ಬಿಟ್ಟ ಜಾಗವನ್ನು ತುಂಬಿಕೊಂಡೇ ನಡೆಯುತ್ತಿದ್ದರು. ಆಫೀಸಿನಲ್ಲಿ ಒಂದು ಲೆಕ್ಕ ತಪ್ಪಿದರೆ ನಾವು ಮಾಡುವುದೇ ಬೇರೆ: ಎಲ್ಲ ಕೆಲಸ ನಿಲ್ಲಿಸಿ, ತಪ್ಪು ಯಾರದೆಂದು ಹುಡುಕುತ್ತೇವೆ. ಎದುರಿನ ಸಾರ್ ಭುಜ ಎತ್ತುತ್ತಾ ಸಣ್ಣಗೆ ತಲೆಯಾಡಿಸಿದರು, 'ಈಗ' ಎಂಬಂತೆ. ಸೇರಿಕೊಂಡೆ.

ಮುಗಿದ ಮೇಲೆ ಟೀ ಕುಡಿಯುವಾಗ ಅವರೇ ಹತ್ತಿರ ಬಂದರು.

"ಮೇಡಂ, ಮೂರನೇ ಸುತ್ತಲ್ಲಿ ನೀವು ಸ್ವಲ್ಪ ಬೇಗ ಬರ್ತೀರಿ."

ಏಳು ತಿಂಗಳಲ್ಲಿ ನನಗೆ ಅವರು ನೇರವಾಗಿ ಆಡಿದ ಮೊದಲ ಮಾತು.

"ನೀವು ಭುಜ ಇನ್ನೂ ಸ್ವಲ್ಪ ಮೇಲೆ ಎತ್ತಿ ಸಾರ್" ಅಂದೆ. "ನಿಮ್ಮನ್ನೇ ನೋಡ್ಕೊಂಡು ಬಾರಿಸ್ತಿರೋದು ನಾನು."