ಸುಝೌ ನಗರದ ಹುಲಿಗುಡ್ಡ: ಓರೆ ಪಗೋಡ ನೋಡಲು ಹೊರಟವರಿಗೆ

ಶಾಂಘೈಗೆ ಕೆಲಸದ ಮೇಲೋ, ಅಲ್ಲಿ ನೆಲೆಸಿದ ಮಗ-ಸೊಸೆಯ ಮನೆಗೋ ಹೋದವರು ಬಿಡುವಾದ ಒಂದು ದಿನ ಸುಝೌಗೆ ಹೋಗಿಬರುವುದು ವಾಡಿಕೆ. ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಪ್ರವಾಸಿ ಏಜೆಂಟರ ವ್ಯಾನು ಹತ್ತಿದರೆ ಆ ಒಂದೇ ದಿನದಲ್ಲಿ ಎರಡು ಉದ್ಯಾನ, ದೋಣಿ ಸವಾರಿ, ರೇಷ್ಮೆ ಅಂಗಡಿ, ಎಲ್ಲ ಮುಗಿದು ಕಾಲು ಸೋತ ಮೇಲೆ ಹುಲಿಗುಡ್ಡ ಎಂದು ತುರುಕಿರುತ್ತಾರೆ. ಆ ಪಟ್ಟಿಯನ್ನು ತಲೆಕೆಳಗು ಮಾಡಿ ಎಂಬುದು ನನ್ನ ಸಲಹೆ. ಮೊದಲು ಹುಲಿಗುಡ್ಡ, ಅದಕ್ಕೇ ಅರ್ಧ ದಿನ. ಉಳಿದ ಹೊತ್ತಿನಲ್ಲಿ ಒಂದೇ ಒಂದು ಉದ್ಯಾನ. ಮೈಸೂರು ರೇಷ್ಮೆ ಉಟ್ಟವರ ನಡುವೆ ಬೆಳೆದವರು ರೇಷ್ಮೆ ಅಂಗಡಿಯನ್ನು ಧಾರಾಳವಾಗಿ ಬಿಟ್ಟುಬಿಡಬಹುದು.

ಗುಡ್ಡದ ಚೀನೀ ಹೆಸರು ಹುಚಿಯು. ಎತ್ತರ ನಲವತ್ತು ಮೀಟರಿಗೂ ಕಡಿಮೆ. ಬೆಟ್ಟ ಹತ್ತಿ ಅಭ್ಯಾಸವಿರುವ ನಮ್ಮವರಿಗೆ ದಿಬ್ಬವೆನ್ನಿಸಿದರೂ ಆಶ್ಚರ್ಯವಿಲ್ಲ. ಆದರೆ ಈ ದಿಬ್ಬದಲ್ಲಿ ಎರಡೂವರೆ ಸಾವಿರ ವರ್ಷಗಳ ಕಥೆ ಒಂದರ ಮೇಲೊಂದು ಕೂತಿದೆ. ವೂ ರಾಜ್ಯದ ದೊರೆ ಹೆಲೂ ಕ್ರಿ.ಪೂ. 496ರಲ್ಲಿ ತೀರಿಕೊಂಡಾಗ ಅವನ ಮಗ ತಂದೆಯನ್ನು ಇಲ್ಲಿ ಹೂಳಿಸಿದನೆಂದೂ, ಮೂರನೆಯ ದಿನ ಬಿಳಿ ಹುಲಿಯೊಂದು ಸಮಾಧಿಯ ಮೇಲೆ ಬಂದು ಕುಳಿತಿತೆಂದೂ ಐತಿಹ್ಯ. ಹುಲಿಗುಡ್ಡವೆಂಬ ಹೆಸರು ಬಂದದ್ದು ಹಾಗೆ. ಸುಝೌಗೆ ಬಂದು ಈ ಗುಡ್ಡ ನೋಡದೆ ಹೋಗುವುದು ಕೊರಗಿಗೆ ದಾರಿ ಎಂದು ಸಾಂಗ್ ಕಾಲದ ಕವಿ ಸು ಡಾಂಗ್‌ಪೋ ಹೇಳಿದನೆಂಬ ಮಾತನ್ನು ಊರಿನವರೆಲ್ಲ ಒಪ್ಪಿಸುತ್ತಾರೆ.

ಹೋಗುವ ದಾರಿಯಲ್ಲೇ ಅರ್ಧ ಸುಖವಿದೆ, ಆದ್ದರಿಂದ ಟ್ಯಾಕ್ಸಿ ಬೇಡ. ಸುಝೌ ರೈಲು ನಿಲ್ದಾಣದಿಂದ ಮೆಟ್ರೋ 2ನೇ ಮಾರ್ಗ ಹಿಡಿದು ಶಾನ್‌ಟಾಂಗ್ ಬೀದಿಯ ನಿಲ್ದಾಣದಲ್ಲಿ ಇಳಿಯಿರಿ. ಈ ಬೀದಿಯನ್ನೂ ಅದರ ಪಕ್ಕದ ಕಾಲುವೆಯನ್ನೂ ಮಾಡಿಸಿದವನು 825ರಲ್ಲಿ ಇಲ್ಲಿ ಅಧಿಕಾರಿಯಾಗಿ ಬಂದ ಕವಿ ಬಾಯ್ ಜುಯಿ. ನಗರದ ಗೋಡೆಯಿಂದ ಗುಡ್ಡದ ಬುಡದವರೆಗೆ ಸುಮಾರು ಮೂರೂವರೆ ಕಿಲೋಮೀಟರ್. ಮೊದಲ ಭಾಗದಲ್ಲಿ ಕೆಂಪು ಲಾಟೀನು, ಸಿಹಿತಿಂಡಿ, ಬಾಡಿಗೆ ಉಡುಪು ತೊಟ್ಟು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು, ತಳ್ಳಾಟ. ಅದನ್ನು ದಾಟಿ ಮುಂದೆ ಹೋದರೆ ಅಂಗಡಿಗಳು ಕರಗಿ, ಕಾಲುವೆ ಮೆಟ್ಟಿಲಲ್ಲಿ ಸೊಪ್ಪು ತೊಳೆಯುವವರು, ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ ಅಜ್ಜಂದಿರು ಕಾಣಿಸುತ್ತಾರೆ. ಹೆಚ್ಚಿನ ಪ್ರವಾಸಿಗರು ಮೊದಲ ಭಾಗದಿಂದಲೇ ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಕಾಲುವೆಯ ದೋಣಿಯಲ್ಲೇ ಗುಡ್ಡದ ಹತ್ತಿರದವರೆಗೆ ಹೋಗಬಹುದು.

ಪ್ರವೇಶಕ್ಕೆ ತಲೆಗೆ 80 ಯುವಾನ್ ತೆಗೆದಿಡಿ. ಋತುವಿಗೆ ತಕ್ಕಂತೆ ಅದಕ್ಕಿಂತ ಕಡಿಮೆಯೂ ಆಗಬಹುದು. ವಯಸ್ಸಾದವರಿಗೆ ರಿಯಾಯಿತಿ ಇದೆಯೇ ಎಂದು ಪಾಸ್‌ಪೋರ್ಟ್ ತೋರಿಸಿ ಕೇಳಿ. ದಕ್ಷಿಣದ ಹೆಬ್ಬಾಗಿಲಿನಿಂದಲೇ ಒಳಗೆ ಹೋಗಿ, ಬೆಳಗ್ಗೆ ಎಂಟರ ಹೊತ್ತಿಗೆ ಅಲ್ಲಿರಿ. ಗುಂಪುಗಳು ಧ್ವಜ ಹಿಡಿದ ಗೈಡ್‌ಗಳ ಹಿಂದೆ ಬಂದು ಸೇರುವ ಮೊದಲು ನಿಮಗೆ ಒಂದೂವರೆ ಗಂಟೆಯಾದರೂ ಸಿಗುತ್ತದೆ.

ಒಳಗೆ ಬಂದವರ ಕಣ್ಣು ನೇರವಾಗಿ ಗುಡ್ಡದ ಮೇಲಿನ ಪಗೋಡದ, ಅಂದರೆ ಬೌದ್ಧರ ಬಹುಅಂತಸ್ತಿನ ಗೋಪುರದ, ಕಡೆಗೆ ಹೋಗುತ್ತದೆ, ಕಾಲೂ ಹಾಗೆಯೇ. ಸ್ವಲ್ಪ ತಡೆಯಿರಿ. ಎರಡನೆಯ ದ್ವಾರ ಯುವಾನ್ ರಾಜವಂಶದ ಕಾಲದ್ದು, 1338ರದು. ಅದರ ಮೇಲ್ತೊಲೆ ಒಂದೇ ಮರದ್ದಲ್ಲ, ಎರಡು ತುಂಡು ನಡುವಿನಲ್ಲಿ ಸಂಧಿಸುತ್ತವೆ. ಮರಗೆಲಸದಲ್ಲಿ ಆಸಕ್ತಿ ಇರುವವರು ತಲೆಯೆತ್ತಿ ನೋಡಬೇಕು. ಎಡಕ್ಕೆ ಮೆಟ್ಟಿಲು ಹತ್ತಿದರೆ ಯಾಂಗ್‌ಟ್ಸುಯಿ ಎಂಬ ಪುಟ್ಟ ಉದ್ಯಾನ. 1884ರಲ್ಲಿ ಕಟ್ಟಿದ್ದು. ಸುಝೌ ಉದ್ಯಾನವೆಂದರೆ ಕೊಳ ಇರಲೇಬೇಕು ಎಂದುಕೊಂಡವರಿಗೆ ಇಲ್ಲೊಂದು ಅಚ್ಚರಿ ಇದೆ: ಹನಿ ನೀರಿಲ್ಲ. ಇಳಿಜಾರನ್ನೇ ಹಂತಹಂತವಾಗಿ ಕಡಿದು ಕೋಣೆ, ಅಂಗಳ, ಬಂಡೆ ಜೋಡಿಸಿದ್ದಾರೆ. ನೂರಾರು ಜನ ಪಕ್ಕದ ದಾರಿಯಲ್ಲೇ ಹತ್ತಿ ಹೋಗುತ್ತಾರೆ, ಇದರ ಒಳಗೆ ಬರುವವರು ಕಡಿಮೆ.

ಮುಂದೆ ಬಯಲಿನಂತೆ ಹರಡಿಕೊಂಡ ದೊಡ್ಡ ಹಾಸುಬಂಡೆ, ಸಾವಿರ ಜನರ ಬಂಡೆ. ಸಮಾಧಿ ಕಟ್ಟಿದ ಕೂಲಿಗಳು ಗುಟ್ಟು ಹೊರಹಾಕದಿರಲೆಂದು ಅವರನ್ನು ಇಲ್ಲೇ ಕೊಂದರು, ಅದಕ್ಕೇ ಬಂಡೆ ಕೆಂಪು ಎಂದು ಗೈಡ್‌ಗಳು ರಸವತ್ತಾಗಿ ವರ್ಣಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅದೇ ಬಂಡೆಯ ಅಂಚಿನ ಇನ್ನೊಂದು ಕಥೆ. ಐದನೆಯ ಶತಮಾನದಲ್ಲಿ ಡಾವ್‌ಶೆಂಗ್ ಎಂಬ ಭಿಕ್ಷು, ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದ ಕುಮಾರಜೀವನ ಬಳಿ ಕಲಿತವನು, ಎಂಥ ಪತಿತನಲ್ಲೂ ಬುದ್ಧತ್ವದ ಬೀಜವಿದೆ ಎಂದು ವಾದಿಸಿದ. ಆಗ ಕೈಯಲ್ಲಿದ್ದ ಗ್ರಂಥದಲ್ಲಿ ಹಾಗಿಲ್ಲವೆಂದು ಸಂಘ ಅವನನ್ನು ಹೊರಗಟ್ಟಿತು. ಕೇಳುವವರಿಲ್ಲದೆ ಅವನು ಇಲ್ಲಿ ಬಂದು ಕಲ್ಲುಗಳಿಗೆ ಪ್ರವಚನ ಮಾಡಿದ, ಕಲ್ಲುಗಳು ತಲೆದೂಗಿದವಂತೆ. ಆಮೇಲೆ ಮಹಾಪರಿನಿರ್ವಾಣ ಸೂತ್ರದ ಪೂರ್ಣ ಅನುವಾದ ಬಂದಾಗ ಅವನ ಮಾತೇ ಸರಿಯೆಂದಾಯಿತು. ತಲೆದೂಗಿದ ಕಲ್ಲೆಂದು ತೋರಿಸುವುದು ಕೊಳದಲ್ಲಿ ನಿಂತಿರುವ ಸಾಧಾರಣ ಬಂಡೆ. ಕಥೆ ಗೊತ್ತಿಲ್ಲದಿದ್ದರೆ ಅದರ ಮುಂದೆ ಯಾರೂ ನಿಲ್ಲುವುದಿಲ್ಲ.

ಖಡ್ಗಕೊಳ ಎರಡು ಕಡಿದಾದ ಬಂಡೆಗಳ ನಡುವಿನ ಇಕ್ಕಟ್ಟು ನೀರು. ಹೆಲೂ ದೊರೆಯೊಡನೆ ಮೂರು ಸಾವಿರ ಕತ್ತಿಗಳನ್ನು ಹೂತರೆಂದೂ, ಅವನ್ನು ಹುಡುಕಲು ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಅಗೆಸಿದನೆಂದೂ ಪ್ರತೀತಿ. 1955ರಲ್ಲಿ ನೀರು ಬತ್ತಿಸಿ ಕೆಸರು ತೆಗೆದಾಗ ತಳದಲ್ಲಿ ಕಲ್ಲುಚಪ್ಪಡಿ ಮುಚ್ಚಿದ ದಾರಿಯೊಂದು ಕಂಡಿತು. ಚಪ್ಪಡಿ ಕಿತ್ತರೆ ಮೇಲಿನ ಪಗೋಡಕ್ಕೆ ಅಪಾಯವೆಂದು ಹಾಗೆಯೇ ಬಿಟ್ಟರು. ಒಳಗೆ ಸಮಾಧಿ ಇದೆಯೋ ಇಲ್ಲವೋ ಇನ್ನೂ ಇತ್ಯರ್ಥವಾಗಿಲ್ಲ.

ಮೇಲೆ ಹೋಗುವ ಮೆಟ್ಟಿಲು ಐವತ್ತಮೂರು. ಗಂಡವ್ಯೂಹ ಸೂತ್ರದಲ್ಲಿ ಸುಧನನೆಂಬ ಹುಡುಗ ಜ್ಞಾನ ಅರಸಿ ದಕ್ಷಿಣ ಭಾರತದ ಕಡೆಗೆ ನಡೆದು ಐವತ್ತಮೂರು ಗುರುಗಳನ್ನು ಕಾಣುತ್ತಾನಲ್ಲ, ಆ ಲೆಕ್ಕವೇ ಇದು. ಅಗಲ ಕಡಿಮೆ, ಮಳೆ ಬಂದರೆ ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಹತ್ತಲಾರದವರು ಪಕ್ಕದ ಸುತ್ತುದಾರಿಯಲ್ಲಿ ನಿಧಾನವಾಗಿ ಬರಬಹುದು.

ಇನ್ನು ಪಗೋಡ. 959ರಲ್ಲಿ ಆರಂಭಿಸಿ 961ರಲ್ಲಿ ಮುಗಿಸಿದ ಯುನ್‌ಯಾನ್ ದೇಗುಲದ ಪಗೋಡ ಇದು. ಏಳು ಅಂತಸ್ತು, ಎಂಟು ಮುಖ, ಸುಮಾರು 47 ಮೀಟರ್ ಎತ್ತರ. ಕಟ್ಟಿದ್ದು ಇಟ್ಟಿಗೆಯಲ್ಲಿ, ಆದರೆ ಕಂಬ, ತೊಲೆ, ಬೋದಿಗೆಗಳನ್ನೆಲ್ಲ ಮರದ ಕಟ್ಟಡದಂತೆಯೇ ಮೂಡಿಸಿದ್ದಾರೆ. ಹೊರಗಿನ ಮರದ ಸೂರು ಮತ್ತೆ ಮತ್ತೆ ಬೆಂಕಿಗೆ ಆಹುತಿಯಾಗಿ ಈಗ ಇಟ್ಟಿಗೆಯ ಮೈ ಮಾತ್ರ ಉಳಿದಿದೆ. ಓರೆಯಾದ ಕಾರಣ ಸರಳ: ಅಡಿಯ ಬಂಡೆ ಇಳಿಜಾರು, ಅದರ ಮೇಲಿನ ಮಣ್ಣು ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಸಾವಿರಾರು ಟನ್ ಭಾರ ದಪ್ಪ ಮಣ್ಣಿನ ಕಡೆಗೆ ಹೆಚ್ಚು ಕುಸಿಯಿತು. ತುದಿ ಈಗ ನಡುಗೆರೆಯಿಂದ ಎರಡು ಮೀಟರಿಗೂ ಹೆಚ್ಚು ಸರಿದಿದೆ. 1638ರಲ್ಲಿ ಮೇಲಿನ ಅಂತಸ್ತನ್ನು ಮತ್ತೆ ಕಟ್ಟಿದವರು ಓರೆಯನ್ನು ಸರಿಪಡಿಸಲು ಅದನ್ನು ವಿರುದ್ಧ ದಿಕ್ಕಿಗೆ ವಾಲಿಸಿದರು. ಹಾಗಾಗಿ ದೂರದಿಂದ ನೋಡಿದರೆ ಪಗೋಡ ಬಾಳೆಹಣ್ಣಿನಂತೆ ತುಸು ಬಾಗಿ ಕಾಣುತ್ತದೆ. ಬಾಗು ನೋಡಬೇಕಾದರೆ ಬುಡದಲ್ಲಿ ನಿಲ್ಲಬೇಡಿ, ಸುತ್ತ ಒಂದು ಬಳಸು ಬನ್ನಿ. ಒಳಗೆ ಹತ್ತಲು ಬಿಡುವುದಿಲ್ಲ. 1980ರ ದಶಕದಲ್ಲಿ ಬುಡದ ಸುತ್ತ ಕಾಂಕ್ರೀಟ್ ಕಂಬಗಳನ್ನು ಇಳಿಸಿ ನೆಲ ಗಟ್ಟಿ ಮಾಡಿದ ಮೇಲೆ ಪಗೋಡ ನಿಂತಲ್ಲೇ ನಿಂತಿದೆ. ಇಟಲಿಯ ಪೀಸಾ ಗೋಪುರದೊಡನೆ ಹೋಲಿಸಿ ಕೈಯಿಂದ ತಳ್ಳುವಂತೆ ಫೋಟೋ ತೆಗೆಯುವವರು ಇಲ್ಲೂ ಇದ್ದಾರೆ, ಆದರೆ ಪೀಸಾಕ್ಕೆ ಅಡಿಪಾಯ ಹಾಕುವಾಗ ಇದಕ್ಕೆ ಇನ್ನೂರು ವರ್ಷ ತುಂಬಿತ್ತು.

ಇಳಿಯುವಾಗ ಪೂರ್ವದ ಕಡೆಗೆ ಬಂದು ವಾನ್‌ಜಿಂಗ್ ಎಂಬ ಕುಬ್ಜವೃಕ್ಷಗಳ ತೋಟವನ್ನು ನೋಡಿ. ಪ್ರತ್ಯೇಕ ಟಿಕೆಟ್ ಇಲ್ಲ. ನೂರಾರು ಕುಂಡಗಳಲ್ಲಿ ಎಲ್ಮ್, ಪೈನ್, ಜುನಿಪರ್; ಒಂದು ಜುನಿಪರ್‌ಗೆ ಸುಮಾರು ಐನೂರು ವರ್ಷವಂತೆ. ಅದರ ಕಾಂಡ ಅರ್ಧ ಸತ್ತು ಬೆಳ್ಳಗಾಗಿದೆ, ಉಳಿದರ್ಧ ಹಸಿರು ಚಿಗುರಿಸುತ್ತಲೇ ಇದೆ. ಗಿಡ ಬೆಳೆಸುವ ಹವ್ಯಾಸವಿರುವವರನ್ನು ಇಲ್ಲಿಂದ ಎಬ್ಬಿಸುವುದು ಕಷ್ಟ, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಊಟದ ಚಿಂತೆಯನ್ನು ಇಲ್ಲಿ ಸುಲಭವಾಗಿ ಕಳೆಯಬಹುದು. ಗುಡ್ಡದಿಂದ ನಗರದ ಕಡೆಗೆ ಬರುವಾಗ ಸಿಗುವ ಶೀಯುವಾನ್ ದೇಗುಲದಲ್ಲಿ ಅಣಬೆ ಹಾಕಿದ ನೂಡಲ್ಸ್ ಬಡಿಸುತ್ತಾರೆ. ಚೀನಾದ ಬೌದ್ಧ ದೇಗುಲಗಳ ಅಡುಗೆಮನೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ; ಮಡಿವಂತ ಅತ್ತೆಯವರನ್ನೂ ಧೈರ್ಯವಾಗಿ ಕೂರಿಸಬಹುದು. ಬೇರೆ ಹೋಟೆಲುಗಳಲ್ಲಿ ಎಚ್ಚರ ಬೇಕು, ತರಕಾರಿ ನೂಡಲ್ಸಿನ ಸಾರು ಮೂಳೆಯದಾಗಿರುವುದೇ ಹೆಚ್ಚು. "ವೊ ಚಿ ಸು" ಎಂದರೆ ನಾನು ಸಸ್ಯಾಹಾರಿ ಎಂದು ಅರ್ಥವಾಗುತ್ತದೆ. ಅದನ್ನು ಚೀನೀ ಲಿಪಿಯಲ್ಲಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಇನ್ನೂ ಕ್ಷೇಮ.

ಮಧ್ಯಾಹ್ನಕ್ಕೆ ಲಿಂಗರಿಂಗ್ ಗಾರ್ಡನ್ ಎಂದು ಕರೆಯುವ ಲಿಯುಯುವಾನ್ ಆ ದೇಗುಲದ ಹತ್ತಿರದಲ್ಲೇ ಇದೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸುಝೌ ಉದ್ಯಾನಗಳಲ್ಲಿ ಅದೂ ಒಂದು. ಎಲ್ಲರೂ ಓಡುವ ಝುವೋಝೆಂಗ್ ಉದ್ಯಾನಕ್ಕಿಂತ ಚಿಕ್ಕದು, ನನ್ನ ರುಚಿಗೆ ಅದಕ್ಕಿಂತ ಚೆನ್ನ.

ಏಪ್ರಿಲ್ ಮತ್ತು ನವೆಂಬರ್ ಒಳ್ಳೆಯ ತಿಂಗಳು. ಜೂನ್ ನಡುವಿನಿಂದ ಜಡಿಮಳೆ, ಆಮೇಲೆ ಬೆವರು ಸುರಿಸುವ ಸೆಕೆ. ಅಕ್ಟೋಬರ್ ಮೊದಲ ವಾರ ದೇಶಕ್ಕೆ ದೇಶವೇ ರಜೆಯಲ್ಲಿರುತ್ತದೆ, ಆಗ ಹೋಗಲೇಬೇಡಿ.

ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಹಣ ಪಾವತಿಗೆ ಬಳಸುವ ಅಲಿಪೇ ಆ್ಯಪ್ಪನ್ನು ಊರಿನಲ್ಲೇ ಹಾಕಿಕೊಂಡು ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಆ ಕಾರ್ಡಿಗೆ ವಿದೇಶಿ ವ್ಯವಹಾರದ ಅನುಮತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ಸ್ವಲ್ಪ ನಗದೂ ಇರಲಿ. ಗೂಗಲ್ ನಕ್ಷೆ ಅಲ್ಲಿನ ಇಂಟರ್ನೆಟ್‌ನಲ್ಲಿ ತೆರೆಯುವುದಿಲ್ಲ, ಭಾರತದ ಸಿಮ್ಮಿನ ರೋಮಿಂಗ್ ಇದ್ದರೆ ಸಾಮಾನ್ಯವಾಗಿ ತೆರೆಯುತ್ತದೆ.

ರೈಲು ಟಿಕೆಟ್ ಕೊಳ್ಳುವಾಗ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಹಳೆಯ ನಗರಕ್ಕೆ ಹತ್ತಿರವಿರುವುದು ಬರಿಯ ಸುಝೌ. ಸುಝೌ ನಾರ್ತ್ ಊರಾಚೆ ಇದೆ, ಆದರೂ ಅದೇ 2ನೇ ಮೆಟ್ರೋ ಮಾರ್ಗ ಅಲ್ಲಿಂದ ಶಾನ್‌ಟಾಂಗ್‌ಗೆ ತಲುಪಿಸುತ್ತದೆ. ಸುಝೌ ಈಸ್ಟ್ ಎಂದು ಕಂಡರೆ ಮಾತ್ರ ಮುಟ್ಟಬೇಡಿ: ಅದು ಆನ್‌ಹುಯಿ ಪ್ರಾಂತ್ಯದಲ್ಲಿ ಇಂಗ್ಲಿಷಿನಲ್ಲಿ ಇದೇ ಕಾಗುಣಿತವಿರುವ ಬೇರೆಯೇ ಊರು, ಇದೇ ಬೀಜಿಂಗ್ ಮಾರ್ಗದಲ್ಲಿ ನೂರಾರು ಕಿಲೋಮೀಟರ್ ಮುಂದೆ.