ಟ್ರಾನ್ಸ್ ಮಿಕ್ಸ್ ಅಭ್ಯಾಸ, ಐದನೆಯ ವಾರ: ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ

ಟ್ರಾನ್ಸ್ ಎಂಬ ನೃತ್ಯ ಸಂಗೀತದ ಹಾಡುಗಳನ್ನು ಒಂದರೊಳಗೊಂದು ಬೆರೆಸಲು ಕಲಿಯುತ್ತಿದ್ದೇನೆ. ಕಳೆದ ವಾರದವರೆಗೆ ನಾನು ಪ್ರತಿ ಟ್ರ್ಯಾಕ್‌ನ ಪಕ್ಕದಲ್ಲಿ ಮಿಕ್ಸ್ (Mixxx) ಎಂಬ ಡಿಜೆ ತಂತ್ರಾಂಶ ತೋರಿಸುವ ಕ್ಯಾಮೆಲಾಟ್ ಸಂಖ್ಯೆಯನ್ನು, ಅಂದರೆ ಹಾಡಿನ ಶ್ರುತಿಯನ್ನು ಗಡಿಯಾರದಂತಹ ಚಕ್ರದಲ್ಲಿ ಗುರುತಿಸುವ ಅಂಕಿಯನ್ನು, ಕಣ್ಣು ಮುಚ್ಚಿ ನಂಬಿದ್ದೆ. ಈ ಚಕ್ರದಲ್ಲಿ 1ರಿಂದ 12ರವರೆಗೆ ಅಂಕಿಗಳಿವೆ. ಮೈನರ್ ಶ್ರುತಿಗೆ ಎ, ಮೇಜರ್ ಶ್ರುತಿಗೆ ಬಿ. ಅಕ್ಕಪಕ್ಕದ ಅಂಕಿಗಳ ಏಳು ಸ್ವರಗಳಲ್ಲಿ ಆರು ಒಂದೇ ಆಗಿರುವುದರಿಂದ, 8ಎ ನಂತರ 7ಎ ಅಥವಾ 9ಎ ಬಂದರೆ ಕಿವಿಗೆ ಎಡರು ಎನಿಸುವುದಿಲ್ಲ. ಈ ವಾರ ಅಡ್ಡಿಯಾದದ್ದು ಚಕ್ರವಲ್ಲ, ವೇಗ.

132 ಬಿಪಿಎಂನ (ನಿಮಿಷಕ್ಕೆ 132 ಬೀಟ್) ಒಂದು ಟ್ರ್ಯಾಕ್ ಮತ್ತು 138ರ ಇನ್ನೊಂದು, ಎರಡೂ 12ಎ, ಅಂದರೆ ಸಿ ಶಾರ್ಪ್ ಮೈನರ್. ವೇಗ ಬದಲಿಸುವ ಪಿಚ್ ಫೇಡರ್ ಎಳೆದು ಮೊದಲನೆಯದನ್ನು 138ಕ್ಕೆ ತಂದಾಗ ಬೀಟ್‌ಗಳು ಕೂಡಿದವು, ಆದರೆ ಡ್ರಮ್ ನಿಂತು ಸ್ವರಗಳಷ್ಟೇ ಉಳಿಯುವ ಬ್ರೇಕ್‌ಡೌನ್‌ನಲ್ಲಿ ಪ್ಯಾಡ್‌ನ ದೀರ್ಘ ಸ್ವರಗಳು ಒಂದರ ಮೇಲೊಂದು ಬಿದ್ದೊಡನೆ ಹಲ್ಲು ಜುಮ್ಮೆನ್ನುವಂತಹ ಅಪಶ್ರುತಿ ಹೊರಟಿತು. ಕ್ಯಾತ್ಸಂದ್ರದ ನಮ್ಮ ಪಕ್ಕದ ಮನೆಯಲ್ಲಿರುವ ಮೇಷ್ಟ್ರು ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಲೆಗ್ ಹಾರ್ಮೋನಿಯಂ ನುಡಿಸುವವರು. ಗೋಡೆಯಾಚೆಯಿಂದ ಕೇಳಿಸಿಕೊಂಡವರು ಒಳಗೆ ಕರೆದು, ಹಾರ್ಮೋನಿಯಂನ ಎರಡು ಮನೆಗಳನ್ನು, ಕರಿ ಒಂದು (ಸಿ ಶಾರ್ಪ್) ಮತ್ತು ಅದರ ಪಕ್ಕದ ಬಿಳಿ ಎರಡನ್ನು (ಡಿ), ಒತ್ತಿ ತೋರಿಸಿದರು. "ನೋಡಯ್ಯ, ನಿನ್ನ ಒಂದು ಹಾಡು ಕರಿ ಒಂದರಲ್ಲೈತೆ. ಇನ್ನೊಂದು ಕರಿ ಒಂದೂ ಅಲ್ಲ, ಬಿಳಿ ಎರಡೂ ಅಲ್ಲ. ಇಂಥ ಪಾತ್ರಧಾರಿ ಬಂದ್ರೆ ನಾನೇನು ನುಡಿಸಲಿ?"

ಲೆಕ್ಕ ಹಾಕಿದಾಗ ಅವರ ಕಿವಿಯೇ ಗೆದ್ದಿತು. ಕೀ ಲಾಕ್ (ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುವ ಸೌಲಭ್ಯ) ಇಲ್ಲದೆ ವೇಗ ಏರಿಸಿದರೆ ಶ್ರುತಿಯೂ ಜೊತೆಗೇ ಏರುತ್ತದೆ, ಸುಮಾರು 5.95 ಶೇಕಡಾ ವೇಗಕ್ಕೆ ಒಂದು ಅರ್ಧಸ್ವರ, ಅಂದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ. 132ರಿಂದ 138 ಎಂದರೆ 4.5 ಶೇಕಡಾ, ಅಂದರೆ ಅರ್ಧಸ್ವರವನ್ನು 100 ಸೆಂಟ್ ಎಂದು ಎಣಿಸಿದರೆ 77 ಸೆಂಟ್. ಪರದೆಯ ಮೇಲೆ ನಾನು ಓದಿಕೊಂಡಿದ್ದು 12ಎ. ಸ್ಪೀಕರ್‌ನಿಂದ ಬರುತ್ತಿದ್ದದ್ದು ಡಿ ಮೈನರ್‌ನ, ಅಂದರೆ 7ಎ ಮನೆಯ, ಹೊಸ್ತಿಲಲ್ಲಿ ನಿಂತಿತ್ತು.

ಕೀ ಲಾಕ್ ಹಾಕಿದರೆ ಶ್ರುತಿ ಕದಲದೆ ನಿಲ್ಲುತ್ತದೆ, ನಿಜ, ಆದರೆ ಅದೂ ಪುಕ್ಕಟೆಯಲ್ಲ. ಮಿಕ್ಸ್ ತಂತ್ರಾಂಶದಲ್ಲಿ ಇದಕ್ಕೆ ರಬ್ಬರ್ ಬ್ಯಾಂಡ್ ಎಂಬ ವಿಧಾನವನ್ನು ಆರಿಸಿದರೆ ನಾದ ಚೆನ್ನಾಗಿರುತ್ತದಾದರೂ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ಚಟಪಟ ಸದ್ದು ಮಾಡುತ್ತದೆ. ಸೌಂಡ್‌ಟಚ್ ಎಂಬ ಇನ್ನೊಂದು ವಿಧಾನ ಹಗುರ, ಆದರೆ ಕಿಕ್ ಡ್ರಮ್‌ನ ಏಟು ಮೊಂಡಾಗುತ್ತದೆ. ಆದ್ದರಿಂದ ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ: 136ರಿಂದ 138ರಂತಹ ಸಣ್ಣ ಏರಿಕೆಗೆ, ಅಂದರೆ 25 ಸೆಂಟ್‌ವರೆಗೆ, ಲಾಕ್ ಇಲ್ಲದೆಯೇ ಬಿಡುವುದು, 132ರಂತಹ ನಡುವಿನವಕ್ಕೆ ಲಾಕ್ ಹಾಕುವುದು. ನನಗೆ ಹೆಚ್ಚು ಖುಷಿ ಕೊಟ್ಟದ್ದು 130ರ ಟ್ರ್ಯಾಕ್‌ಗಳು. ಅವನ್ನು 138ಕ್ಕೆ ಏರಿಸಿದರೆ 103 ಸೆಂಟ್, ಹೆಚ್ಚುಕಡಿಮೆ ಪೂರ್ತಿ ಒಂದು ಅರ್ಧಸ್ವರ, ಹಾಗಾಗಿ ಕ್ಯಾಮೆಲಾಟ್ ಅಂಕಿಗೆ 7 ಕೂಡಿಸಿ (12 ದಾಟಿದರೆ 12 ಕಳೆದು) ಹೊಸ ಜೋಡಿ ಹುಡುಕಬಹುದು. 12ಎ ಟ್ರ್ಯಾಕ್ 7ಎ ಆಗಿಬಿಡುತ್ತದೆ, ಲಾಕ್‌ನ ಹಂಗೇ ಇಲ್ಲ.

ಲಯದ ಕಡೆ ಪ್ರಗತಿ ಕಡಿಮೆ. 138ರಲ್ಲಿ ಒಂದು ಬೀಟ್ ಸುಮಾರು 435 ಮಿಲಿಸೆಕೆಂಡ್. 32 ಬಾರ್‌ಗಳ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಮಿಶ್ರಣಕ್ಕೆ 56 ಸೆಕೆಂಡ್ ಹತ್ತಿರ ಬೇಕು. ತಂತ್ರಾಂಶ 138 ಎಂದ ಟ್ರ್ಯಾಕ್ ವಾಸ್ತವದಲ್ಲಿ 137.9 ಇದ್ದರೂ ಅಷ್ಟರಲ್ಲಿ 40 ಮಿಲಿಸೆಕೆಂಡ್ ಹಿಂದೆ ಬಿದ್ದು, ಒಂದೇ ಕಿಕ್ ಕೇಳಬೇಕಾದಲ್ಲಿ ಕುದುರೆ ಓಡಿದಂತೆ ಎರಡು ಕೇಳುತ್ತವೆ. ಹಳೆಯ ವಿನೈಲ್‌ನಿಂದ ಇಳಿಸಿಕೊಂಡ ಟ್ರ್ಯಾಕ್‌ಗಳಲ್ಲಿ ಇದು ಸಾಮಾನ್ಯ. ಟ್ರ್ಯಾಕನ್ನು ಹಿಂದೆ ಮುಂದೆ ಸರಿಸುವ ಜಾಗ್ ಚಕ್ರವನ್ನು ಬೆರಳ ತುದಿಯಿಂದ ಮೆಲ್ಲಗೆ ದೂಡಿ ಸರಿಪಡಿಸುವುದು ಹತ್ತರಲ್ಲಿ ಆರು ಸಲ ಕೈಗೂಡುತ್ತಿದೆ; ಉಳಿದ ನಾಲ್ಕು ಸಲ ಗಾಬರಿಯಲ್ಲಿ ಹೆಚ್ಚು ದೂಡಿಬಿಡುತ್ತೇನೆ.

ಮುಂದಿನ ವಾರಕ್ಕೆ 130ರ ಮೂರು ಟ್ರ್ಯಾಕ್‌ಗಳನ್ನು ಆರಿಸಿಟ್ಟಿದ್ದೇನೆ. ಮೇಷ್ಟ್ರು ಶನಿವಾರ ರಾತ್ರಿ ಗುಬ್ಬಿ ಕಡೆ ನಾಟಕಕ್ಕೆ ಹೋಗುವವರು; ಭಾನುವಾರ ನಿದ್ದೆ ಮುಗಿಸಿ ಎದ್ದ ಮೇಲೆ ಅವರಿಗೆ ಕೇಳಿಸಬೇಕು.